ತಿಂಗಳಿಗೆ ಬರೀ 3,611 ಸಾರ್

ಇವತ್ತು ಬೆಳಗ್ಗೆ ಮತ್ತೆ ಆ ಬೈಕ್ ಶೋರೂಮ್ ಹುಡುಗನ ಫೋನ್. ಒಂದು ಕೈಯಲ್ಲಿ ಬಸ್ಸಿನ ಕಂಬಿ, ಇನ್ನೊಂದರಲ್ಲಿ ಊಟದ ಡಬ್ಬಿ, ಕಾಲಿನ ಮೇಲೆ ಯಾರದೋ ಕಾಲು. ಸರ್ಕಸ್ ಮಾಡಿ ಫೋನ್ ಎತ್ತಿದರೆ, "ಸಾರ್, ತಿಂಗಳ ಕೊನೆ, ಆಫರ್ ಮುಗಿಯುತ್ತೆ, ಏನ್ ಡಿಸೈಡ್ ಮಾಡಿದ್ರಿ?" ಅಂದ. ನಾಲ್ಕು ತಿಂಗಳಿಂದ ಪ್ರತಿ ತಿಂಗಳ ಕೊನೆಗೂ ಇದನ್ನೇ ಕೇಳುತ್ತಿದ್ದಾನೆ. ಆಫರ್ ಮಾತ್ರ ಇನ್ನೂ ಮುಗಿದಿಲ್ಲ.

ಮೈಸೂರಿನ ಕುವೆಂಪುನಗರದಿಂದ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ದಿನಾ ಎರಡು ಬಸ್ ಹಿಡಿಯುವವನಿಗೆ ಬೈಕ್ ಬೇಕು ಅನ್ನೋದರಲ್ಲಿ ಅನುಮಾನವೇ ಇಲ್ಲ. ಅನುಮಾನ ಇರೋದು ದುಡ್ಡು ಕೂಡಿಟ್ಟು ತಗೊಳ್ಳೋದಾ, ಸಾಲ ಮಾಡಿ ತಗೊಳ್ಳೋದಾ ಅಂತ. ಹೆಂಡತಿಯನ್ನು ಕೇಳಿದರೆ, "ನನಗೆ ಬಸ್ಸು ಫ್ರೀ. ಬೈಕ್ ಬೇಕಿರೋದು ನಿಮಗೆ, ನೀವೇ ಯೋಚನೆ ಮಾಡಿ" ಅಂತ ಆಧಾರ್ ಕಾರ್ಡ್ ಬ್ಯಾಗಿಗೆ ಹಾಕಿಕೊಂಡು ಹೊರಟೇಬಿಡುತ್ತಾಳೆ.

ಮೊದಲು ಕೂಡಿಡೋಣ ಅಂತಲೇ ಹೊರಟೆ. ಬೈಕಿಗೆ ಅಂತಲೇ ಒಂದು ಅಕೌಂಟು, ತಿಂಗಳಿಗೆ 4,000, ಹದಿನೈದು ತಿಂಗಳಿಗೆ 60,000. ಆದರೆ ಆ ಅಕೌಂಟಿನ ವಿಷಯ ಮನೆಯಲ್ಲಿ ಗೊತ್ತಾಗಬಾರದಿತ್ತು. ಫ್ರಿಜ್ಜಿನ ಕಂಪ್ರೆಸರ್ ಹೋಯಿತು, ನನ್ನ ಬೈಕಿನ ಎರಡೂ ಚಕ್ರ ಹೋದವು. ಸಂಪಿನ ಮೋಟರ್ ಸುಟ್ಟಿತು, ಸೈಲೆನ್ಸರ್ ಹೋಯಿತು. ಅಕ್ಕನ ಮಗಳ ಮದುವೆಗೆ ಸೋದರಮಾವನ ಲೆಕ್ಕದಲ್ಲಿ ಪೆಟ್ರೋಲ್ ಟ್ಯಾಂಕನ್ನೇ ಮುಯ್ಯಿ ಮಾಡಿ ಬಂದೆ. ಈಗ ಉಳಿದಿರುವುದು 35,000. ಅಂದರೆ ಹ್ಯಾಂಡಲ್ಲು, ಸೀಟು, ಒಂದು ಕನ್ನಡಿ.

ಸರಿ, ಸಾಲವೇ ಗತಿ ಅಂತ ಶೋರೂಮಿಗೆ ಹೋದೆ. ಬೋರ್ಡಿನ ಮೇಲೆ 1,05,000 ಅಂತಿದ್ದ ಬೈಕು, ಕುರ್ಚಿಯಲ್ಲಿ ಕೂತು ನೀರು ಕುಡಿಯುವಷ್ಟರಲ್ಲಿ 1,35,000 ಆಗಿತ್ತು. ಲಕ್ಷ ದಾಟಿದ ಬೈಕಿಗೆ ನಮ್ಮ ರಾಜ್ಯದಲ್ಲಿ ರೋಡ್ ಟ್ಯಾಕ್ಸೇ 18 ಪರ್ಸೆಂಟ್. ಅದರ ಮೇಲೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೊದಲೇ ಕಟ್ಟಬೇಕು. ಇನ್ನು 'ಹ್ಯಾಂಡ್ಲಿಂಗ್ ಚಾರ್ಜ್' ಅಂತ ಒಂದು ಹಾಕಿದ್ದ. ಯಾರು, ಏನನ್ನು, ಹೇಗೆ ಹ್ಯಾಂಡಲ್ ಮಾಡಿದರು ಅಂತ ಕೇಳಿದ್ದಕ್ಕೆ ಪಾಪ ನಕ್ಕ.

"ನಿಮ್ಮ 35 ಡೌನ್ ಪೇಮೆಂಟ್ ಸಾರ್. ಒಂದು ಲಕ್ಷ ಲೋನ್. ಮೂರು ವರ್ಷ."

"ಒಟ್ಟು ಎಷ್ಟಾಗುತ್ತೆ?"

ಕ್ಯಾಲ್ಕುಲೇಟರ್ ಕುಟ್ಟಿ ನನ್ನ ಕಡೆ ತಿರುಗಿಸಿದ. "ತಿಂಗಳಿಗೆ ಬರೀ 3,611 ಸಾರ್."

"ಅದಲ್ಲಪ್ಪ, ಒಟ್ಟು?"

ಮತ್ತೆ ಕುಟ್ಟಿದ. ಮತ್ತೆ ತಿರುಗಿಸಿದ. "ಒಟ್ಟು, ತಿಂಗಳಿಗೆ 3,611."

"ಮೂರು ವರ್ಷಕ್ಕೆ ಸೇರಿಸಿ ಹೇಳು ಮಾರಾಯ."

ಈ ಸಲ ತುಂಬಾ ಹೊತ್ತು ಕುಟ್ಟಿದ. ಪಕ್ಕದ ಟೇಬಲ್ಲಿನವನನ್ನು ಏನೋ ಕೇಳಿ ಬಂದ. ನನಗೂ ಆಸೆ ಹುಟ್ಟಿತು. ಕ್ಯಾಲ್ಕುಲೇಟರ್ ತಿರುಗಿಸಿ, ರೋಗಿಯ ಕಡೆಯವರಿಗೆ ಒಳ್ಳೆ ಸುದ್ದಿ ಹೇಳುವ ಡಾಕ್ಟರ ಥರ ಮುಖ ಮಾಡಿ ಅಂದ: "ದಿನಕ್ಕೆ 120 ಸಾರ್!"

ಕೊನೆಗೆ ನಾನೇ ಮೊಬೈಲಿನಲ್ಲಿ ಗುಣಿಸಿದೆ. 1,30,000. ಮೂವತ್ತು ಸಾವಿರ ಬಡ್ಡಿ. "ಟೆನ್ ಪರ್ಸೆಂಟ್ ಫ್ಲ್ಯಾಟ್ ಸಾರ್, ತುಂಬಾ ಕಮ್ಮಿ" ಅಂದ. ಆಫೀಸಿನ ಅಕೌಂಟ್ಸ್ ಮೇಡಂ ಹತ್ತಿರ ಹೇಳಿದರೆ ತಲೆ ಚಚ್ಚಿಕೊಂಡರು. ಕೊನೆಯ ಕಂತಿನ ಹೊತ್ತಿಗೆ ಅಸಲು ಮೂರು ಸಾವಿರ ಚಿಲ್ಲರೆ ಬಾಕಿ ಇದ್ದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ ಬೀಳುತ್ತಂತೆ. ಬ್ಯಾಂಕಿನ ಥರ ಉಳಿದ ಅಸಲಿಗೆ ಮಾತ್ರ ಲೆಕ್ಕ ಹಾಕಿದರೆ ಇದು ಹತ್ತಿರ ಹತ್ತಿರ 18 ಪರ್ಸೆಂಟ್ ಆಗುತ್ತಂತೆ. ಫ್ಲ್ಯಾಟ್ ಆಗೋದು ನಾವೇ, ಅಲ್ವಾ?

ಇನ್ನು ನಮ್ಮಪ್ಪ. ಸಾಲ ಅನ್ನೋ ಪದ ಕಿವಿಗೆ ಬಿದ್ದರೆ ಸಾಕು, ಪೇಪರ್ ಮಡಚಿಟ್ಟು, "ನಾನು 1989ರಲ್ಲಿ ಸೆಕೆಂಡ್ ಹ್ಯಾಂಡ್ ಯೆಜ್ಡಿ ತಗೊಂಡಾಗ ಒಂದೇ ಏಟಿಗೆ ಎಣಿಸಿ ಕೊಟ್ಟೆ" ಅಂತ ಶುರು ಮಾಡುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಬೈಕುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗಲಂತೂ, ತಾವೇ ಡೆಲ್ಲಿಗೆ ಹೋಗಿ ಇಳಿಸಿ ಬಂದ ಹಾಗೆ, "ನೋಡ್ದಾ, ಕಾದಿದ್ದಕ್ಕೆ ಕಮ್ಮಿ ಆಯ್ತು" ಅಂದಿದ್ದರು.

ಆದರೆ ಆ ಯೆಜ್ಡಿ ವಿಷಯಕ್ಕೆ ನಾನೂ ಸ್ವಲ್ಪ ಮೆತ್ತಗಾಗುತ್ತೇನೆ. ನಮ್ಮ ಯಾದವಗಿರಿ ಫ್ಯಾಕ್ಟರಿಯಲ್ಲೇ ಹುಟ್ಟಿದ ಗಾಡಿ ಅದು. ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ. ನಾನು ಟ್ಯಾಂಕಿನ ಮೇಲೆ, ಅಮ್ಮ ಹಿಂದೆ, ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಆ ಡುಗುಡುಗು ಸದ್ದು, ಮೂಗಿಗೆ ಆಯಿಲ್ ಹೊಗೆಯ ವಾಸನೆ. 1996ರಲ್ಲಿ ಫ್ಯಾಕ್ಟರಿಗೆ ಬೀಗ ಬಿತ್ತು. ಆಮೇಲೆ ಕೆಲವು ವರ್ಷಕ್ಕೆ ನಮ್ಮ ಗಾಡಿ ತೂಕಕ್ಕೆ ಹೋಯಿತು. ಅವತ್ತು ಅಪ್ಪ ಊಟ ಮಾಡಿರಲಿಲ್ಲ.

ಇವತ್ತು ಸಂಜೆ ಬಸ್ಸಿನಲ್ಲಿ ಬೆವರಿ ಮನೆಗೆ ಬಂದವನು, ಅಪ್ಪ "ಒಂದೇ ಏಟಿಗೆ" ಅಂದ ಕೂಡಲೇ ತಡೆಯಲಾರದೆ, "ಅಷ್ಟು ದುಡ್ಡು ಎಲ್ಲಿತ್ತಪ್ಪಾ ನಿಮ್ಮ ಹತ್ರ?" ಅಂದೆ. ಸೊಪ್ಪು ಬಿಡಿಸುತ್ತಿದ್ದ ಅಮ್ಮ ತಲೆಯೂ ಎತ್ತದೆ, "ಫ್ಯಾಕ್ಟರಿ ಸೊಸೈಟಿ ಲೋನು. ಮೂರು ವರ್ಷ ಸಂಬಳದಲ್ಲಿ ಕಟ್ ಆಗ್ತಿತ್ತು" ಅಂದರು.

ಮನೆಯಲ್ಲಿ ಸದ್ದೇ ಇಲ್ಲ. ಆಮೇಲೆ ಅಪ್ಪ ಗಂಭೀರವಾಗಿ, "ಅದು ಸಾಲ ಅಲ್ಲ ಕಣೆ, ಸೊಸೈಟಿ. ಕೈಗೇ ಬರದ ದುಡ್ಡು ಕೈಯಿಂದ ಹೋಯ್ತು ಅಂತ ಹೇಗೆ ಹೇಳ್ತೀಯ?" ಅಂದರು.

ಅಷ್ಟರಲ್ಲಿ ಮತ್ತೆ ಶೋರೂಮ್ ಫೋನು. ನಾನು ಎತ್ತಲಿಲ್ಲ, ಅಪ್ಪನೇ ಕಿತ್ತುಕೊಂಡರು. ಸರಿಯಾಗಿ ಉಗಿಸಿಕೊಳ್ಳಲಿ ಅಂತ ಖುಷಿಯಾಗಿ ಕೂತೆ. "ಏನಪ್ಪಾ, ಒಟ್ಟು ಎಷ್ಟಾಗುತ್ತೆ ಅದು?" ಅಂತ ಜೋರು ಮಾಡಿದರು. ಆ ಕಡೆಯಿಂದ ಏನೋ ಕೇಳಿಸಿಕೊಂಡರು. ಇನ್ನೂ ಏನೋ ಕೇಳಿಸಿಕೊಂಡರು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು.

"ದಿನಕ್ಕೆ ಬರೀ 120 ಅಂತೆ ಕಣೋ."