ಕೈ ಹಿಡಿದು ಎಳೆಯಬೇಡಿ, ಮೊಣಕೈ ಕೊಡಿ

ಬಿಳಿ ಬೆತ್ತ ಹಿಡಿದು ರಸ್ತೆ ಬದಿಯಲ್ಲಿ ನಿಂತವರನ್ನು ಕಂಡರೆ ಎಷ್ಟೋ ಜನ ಓಡಿಬಂದು, ರಟ್ಟೆ ಹಿಡಿದು, ಆಚೆ ದಡ ಮುಟ್ಟಿಸಿ ಹೊರಟುಬಿಡುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಕಣ್ಣು ಕಾಣದವರಿಗೆ ಅದು ಹೇಗಿರುತ್ತದೆ ಅಂತ ಒಂದು ಕ್ಷಣ ಯೋಚಿಸಿ. ಗುರುತಿಲ್ಲದ ಕೈಯೊಂದು ಹಠಾತ್ತನೆ ಮೈಮೇಲೆ ಬೀಳುತ್ತದೆ. ಅದು ಎಳೆಯುವುದು ಬೆತ್ತ ಹಿಡಿದ ತೋಳನ್ನೇ ಆದರೆ ನೆಲದ ಸುಳಿವೂ ತಪ್ಪಿಹೋಗುತ್ತದೆ. ಎಷ್ಟೋ ಸಲ ಅವರು ರಸ್ತೆ ದಾಟಲು ನಿಂತಿರುವುದೇ ಇಲ್ಲ, ಯಾರಿಗೋ ಕಾಯುತ್ತಿರುತ್ತಾರೆ.

ಅಕ್ಟೋಬರ್ 15ರ ಬಿಳಿ ಬೆತ್ತ ದಿನಕ್ಕೆ ಫೋಟೋ ಹಂಚುವ ನಮಗೆ ಜೊತೆಯಲ್ಲಿ ನಡೆಯುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ಕರುಣೆಯನ್ನೂ ಈಜಿನ ಹಾಗೆ ಕೈಕಾಲಿಗೆ ಕಲಿಸಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಮೊದಲು ಮಾತಾಡಿಸಿ. "ನಮಸ್ಕಾರ, ರಸ್ತೆ ದಾಟಬೇಕಿತ್ತಾ? ಜೊತೆಗೆ ಬರಲಾ?" ಅಷ್ಟು ಸಾಕು. ಗದ್ದಲದ ಜಾಗದಲ್ಲಿ ತಮ್ಮನ್ನೇ ಕೇಳುತ್ತಿದ್ದಾರೆಂದು ಅವರಿಗೆ ತಿಳಿಯದಿದ್ದರೆ ನಿಮ್ಮ ಹಿಂಗೈಯನ್ನು ಅವರ ಹಿಂಗೈಗೆ ಮೆಲ್ಲಗೆ ತಾಕಿಸಿ. ಬೇಡ ಅಂದರೆ ಅಲ್ಲಿಗೆ ಮುಗಿಯಿತು, ಬೇಜಾರು ಮಾಡಿಕೊಳ್ಳುವಂಥದ್ದು ಏನೂ ಇಲ್ಲ. ಹೂಂ ಅಂದರೆ ಯಾವ ಪಕ್ಕ ನಿಲ್ಲಲಿ ಅಂತ ಕೇಳಿ. ಬೆತ್ತ ಬಲಗೈಯಲ್ಲಿದ್ದರೆ ಸಾಮಾನ್ಯವಾಗಿ ಅವರ ಎಡಕ್ಕೆ.

ಇನ್ನು ಮುಖ್ಯ ವಿಷಯ. ಅವರೇ ನಿಮ್ಮನ್ನು ಹಿಡಿಯಬೇಕು. ಮೊಣಕೈಗಿಂತ ತುಸು ಮೇಲೆ, ಹೆಬ್ಬೆರಳು ಹೊರಗೆ, ಉಳಿದ ನಾಲ್ಕು ಬೆರಳು ಒಳಗೆ. ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ನೀವು ತಿರುಗಿದ್ದು, ಇಳಿದದ್ದು, ನಿಂತದ್ದು ಎಲ್ಲ ನಿಮ್ಮ ತೋಳಿನಿಂದಲೇ ಅವರಿಗೆ ಗೊತ್ತಾಗುತ್ತದೆ. ಅವರನ್ನು ಮುಂದೆ ಬಿಟ್ಟು ಹಿಂದಿನಿಂದ ನೂಕಿದರೆ ಗುಂಡಿ ಮೊದಲು ಸಿಗುವುದು ಅವರ ಕಾಲಿಗೆ.

ಇಕ್ಕಟ್ಟಾದ ಕಡೆ ಆ ತೋಳನ್ನು ನಿಮ್ಮ ಬೆನ್ನ ಹಿಂದಕ್ಕೆ ತನ್ನಿ, ಅವರು ನಿಮ್ಮ ಹಿಂದಕ್ಕೆ ಸರಿದುಕೊಳ್ಳುತ್ತಾರೆ. ಮೆಟ್ಟಿಲು ಬಂದರೆ ಪೂರ್ತಿ ನಿಂತು, ಹತ್ತುವುದೋ ಇಳಿಯುವುದೋ ಹೇಳಿ. ಬರೀ "ಮೆಟ್ಟಿಲು, ಹುಷಾರು" ಅಂದರೆ ಕಾಲು ಎತ್ತಬೇಕೋ ಇಳಿಸಬೇಕೋ ತಿಳಿಯುವುದಿಲ್ಲ. ಕೂರಿಸಬೇಕಾದಾಗ ಭುಜ ಒತ್ತಬೇಡಿ. ನಿಮ್ಮ ಕೈಯನ್ನು ಕುರ್ಚಿಯ ಬೆನ್ನಿನ ಮೇಲಿಡಿ, ಅವರು ನಿಮ್ಮ ತೋಳಿನ ಗುಂಟ ಕೈ ಜಾರಿಸಿ ಕುರ್ಚಿಯನ್ನು ತಾವೇ ಹುಡುಕಿಕೊಳ್ಳುತ್ತಾರೆ.

ಎಲ್ಲರೂ ಮರೆಯುವುದು ಕೊನೆಯ ಹಂತ. "ದಾಟಿದೆವು, ರಸ್ತೆ ಈಗ ನಿಮ್ಮ ಬೆನ್ನ ಹಿಂದಿದೆ, ನಾನು ಹೊರಟೆ" ಅಂತ ಹೇಳಿಯೇ ಹೊರಡಿ. ಸದ್ದಿಲ್ಲದೆ ಹೋದರೆ ಅವರು ಇಲ್ಲದವರ ಜೊತೆ ಮಾತಾಡುತ್ತಾ ನಿಂತಿರುತ್ತಾರೆ. ಇದು ನನಗೆ ತುಂಬಾ ನೋವು ಕೊಡುವ ದೃಶ್ಯ.

ಗಾಲಿಕುರ್ಚಿಯ ವಿಷಯದಲ್ಲೂ ಕೇಳದೆ ಹಿಡಿಕೆ ಮುಟ್ಟಬಾರದು. ಕೂತವರ ಕೈ ಚಕ್ರದ ಮೇಲೇ ಇದ್ದಾಗ ಹಿಂದಿನಿಂದ ನೂಕಿದರೆ ಬೆರಳು ಸಿಕ್ಕಿಕೊಳ್ಳುತ್ತದೆ. ಕಡಿದಾದ ಇಳಿಜಾರಿನಲ್ಲಿ ಕುರ್ಚಿ ತಿರುಗಿಸಿ, ನೀವು ಕೆಳಬದಿಗೆ ನಿಂತು, ಹಿಮ್ಮುಖವಾಗಿ ನಿಧಾನಕ್ಕೆ ಇಳಿಸಿ. ನೇರವಾಗಿ ಇಳಿಸಿದರೆ ಕೂತವರು ಮುಂದಕ್ಕೆ ಜಾರುತ್ತಾರೆ. ಎತ್ತುವ ಸಂದರ್ಭ ಬಂದರೆ ಕೈಯಾಸರೆ, ಕಾಲಾಸರೆ ಹಿಡಿಯಬೇಡಿ. ಎಷ್ಟೋ ಕುರ್ಚಿಗಳಲ್ಲಿ ಅವು ಕಳಚುವಂಥವು, ಕಿತ್ತು ಕೈಗೇ ಬರುತ್ತವೆ. ಎಲ್ಲಿ ಹಿಡಿಯಬೇಕೆಂದು ಕೂತವರನ್ನೇ ಕೇಳಿ. ನಿಲ್ಲಿಸಿದ ಕೂಡಲೇ ಬ್ರೇಕ್ ಹಾಕಿ.

ತೊದಲುವವರ ಮಾತನ್ನು ನಾವು ಪೂರ್ತಿ ಮಾಡಬಾರದು. "ನಿಧಾನಕ್ಕೆ ಹೇಳಿ" ಅನ್ನುವುದೂ ಬೇಡ, ಅದರಿಂದ ಒತ್ತಡ ಇನ್ನೂ ಹೆಚ್ಚುತ್ತದೆ. ಮುಖ ನೋಡುತ್ತಾ ಸುಮ್ಮನೆ ಕಾಯಿರಿ.

ಕಿವಿ ಮಂದವಾದವರ ಮುಂದೆ ಕಿರುಚಬೇಡಿ. ಕಿರುಚಿದರೆ ತುಟಿಯ ಚಲನೆ ಕೆಡುತ್ತದೆ, ಅವರು ಓದುತ್ತಿರುವುದು ಅದನ್ನೇ. ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಿ. ಒಂದು ವಾಕ್ಯ ತಲುಪದಿದ್ದರೆ ಬೇರೆ ಪದಗಳಲ್ಲಿ ಹೇಳಿ, ಅದೂ ಆಗದಿದ್ದರೆ ಫೋನಿನಲ್ಲಿ ಟೈಪ್ ಮಾಡಿ ತೋರಿಸಿ. "ಹೋಗ್ಲಿ ಬಿಡಿ, ಏನಿಲ್ಲ" ಅಂತ ಮಾತ್ರ ದಯವಿಟ್ಟು ಹೇಳಬೇಡಿ.