ಫ್ರಾಂಕ್ ವಿಲ್ಸ್ ಹೆಸರೇ ಇಲ್ಲವಲ್ಲ!

ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಕಡೆಯವರು ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ಕದ್ದು ನುಗ್ಗಿದ ವಾಟರ್‌ಗೇಟ್ ಹಗರಣದ ಮೇಲೆ 1976ರಲ್ಲಿ ಬಂದ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ ಸಿನಿಮಾ ಬಗ್ಗೆ ಬರೆದಿದ್ದೀರಿ, ತುಂಬಾ ಖುಷಿಯಾಯಿತು. ಆದರೆ ಹೊಗಳಿಕೆಯೆಲ್ಲ ಹಗರಣವನ್ನು ಬಯಲಿಗೆಳೆದ ವುಡ್‌ವರ್ಡ್, ಬರ್ನ್‌ಸ್ಟೀನ್ ಎಂಬ ಇಬ್ಬರು ವರದಿಗಾರರಿಗೇ ಹೋಗಿದೆ. ಕಾವಲುಗಾರ ಫ್ರಾಂಕ್ ವಿಲ್ಸ್ ಅವರನ್ನು ಬಿಟ್ಟಿದ್ದು ಸರಿಯಲ್ಲ.

1972ರ ಜೂನ್ 17ರ ನಸುಕಿನಲ್ಲಿ ವಾಟರ್‌ಗೇಟ್ ಕಟ್ಟಡದ ರಾತ್ರಿ ಪಾಳಿಯಲ್ಲಿದ್ದವರು ಅವರು. ಆಗ ವಯಸ್ಸು 24. ಬಾಗಿಲು ಲಾಕ್ ಆಗದಂತೆ ಯಾರೋ ಟೇಪ್ ಅಂಟಿಸಿದ್ದರು. ಅದನ್ನು ಕಿತ್ತು ಹಾಕಿದರು. ಇನ್ನೊಂದು ಸುತ್ತು ಬಂದಾಗ ಮತ್ತೆ ಟೇಪ್! ಸುಮ್ನೆ ಬಿಡಲಿಲ್ಲ, ಪೊಲೀಸರಿಗೆ ಫೋನ್ ಮಾಡಿದರು. ಅದೇ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಯೊಳಗೆ ಐದು ಜನ ಸಿಕ್ಕಿಬಿದ್ದರು. ಸಿನಿಮಾದಲ್ಲಿ ಆ ಕಾವಲುಗಾರನ ಪಾತ್ರ ಮಾಡಿದ್ದೂ ಸ್ವತಃ ವಿಲ್ಸ್. ಇದನ್ನು ಹೇಳಲೇಬೇಕಿತ್ತು ಅಲ್ವಾ?

ಸಿನಿಮಾದ ಕೊನೆ ಥಟ್ಟನೆ ಬಂತು ಎಂದಿದ್ದೀರಿ. ನನಗೆ ಹಾಗನ್ನಿಸಲಿಲ್ಲ. ಟಿವಿಯಲ್ಲಿ ನಿಕ್ಸನ್ ಎರಡನೇ ಸಲ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದಾರೆ, ಹಿಂದೆ ಈ ಇಬ್ಬರು ವರದಿಗಾರರೂ ಟೈಪ್ ಮಾಡುತ್ತಲೇ ಇದ್ದಾರೆ. ಆಮೇಲೆ ಸುದ್ದಿಯ ಸಾಲುಗಳು ಒಂದೊಂದಾಗಿ ಮೂಡಿ 1974ರ ಆಗಸ್ಟ್‌ನ ನಿಕ್ಸನ್ ರಾಜೀನಾಮೆಗೆ ಬಂದು ನಿಲ್ಲುತ್ತವೆ. ಮುಂದಿನದು ಅಂದಿನ ಪ್ರೇಕ್ಷಕರಿಗೆ ಗೊತ್ತೇ ಇತ್ತು. ಅದನ್ನು ಎಳೆಯದೆ ಬಿಟ್ಟ ನಿರ್ದೇಶಕ ಅಲನ್ ಪಕುಲಾ ಅವರ ಧೈರ್ಯ ನನಗೆ ಜಾಸ್ತಿ ಇಷ್ಟ.

ಒಂದು ವಿಷಯ ಮಾತ್ರ ಇವತ್ತಿಗೂ ನೋವು ಕೊಡುತ್ತದೆ. ರಾಜೀನಾಮೆ ಕೊಟ್ಟ ಒಂದೇ ತಿಂಗಳಲ್ಲಿ ನಿಕ್ಸನ್‌ಗೆ ಹೊಸ ಅಧ್ಯಕ್ಷ ಫೋರ್ಡ್ ಕ್ಷಮಾದಾನ ಕೊಟ್ಟರು. ವಿಲ್ಸ್ ಕೆಲಸಕ್ಕಾಗಿ ಒದ್ದಾಡಿದರು, 2000ದಲ್ಲಿ ಬಡತನದಲ್ಲೇ ತೀರಿಕೊಂಡರು. ದಯವಿಟ್ಟು ಲೇಖನದಲ್ಲಿ ಅವರ ಬಗ್ಗೆ ಒಂದು ಪ್ಯಾರಾ ಸೇರಿಸಿ.