ಕ್ರೌನ್ ಸರಿಯಾಗಿಯೇ ಇತ್ತು, ಸುಳ್ಳು ಹೇಳಿದ್ದು ಮಾಡೆಲ್

"ಕಾಂಟ್ಯಾಕ್ಟ್ ನೋಡಿಯೇ ಕಳಿಸಿದ್ರಾ? ಫ್ಲಾಸ್ ಹಾಕಿದ್ರೆ ತಡೀತಾನೇ ಇಲ್ಲ, ಹಾಗೇ ಜಾರ್ಕೊಂಡು ಬರ್ತಿದೆ."

ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವನು ನಾನು. ಕ್ರೌನ್ ಪಕ್ಕದ ಹಲ್ಲಿಗೆ ತಾಗುವ ಜಾಗಕ್ಕೆ ನಾವು ಕಾಂಟ್ಯಾಕ್ಟ್ ಅಂತೇವೆ. ಫೋನಿನಲ್ಲಿ ಹಲ್ಲಿನ ಡಾಕ್ಟರ್ ಹೀಗೆ ಕೇಳಿದಾಗ ನನಗೆ ಸಿಟ್ಟೇ ಬಂತು. ನೋಡಿಯೇ ಕಳಿಸಿದ್ದೆ. ಒಂದಲ್ಲ, ನಾಲ್ಕು ಸಲ ನೋಡಿದ್ದೆ. ಕೆಳದವಡೆಯ ಮೊದಲ ಮೋಲಾರ್ (ದವಡೆ ಹಲ್ಲು), ಜಿರ್ಕೋನಿಯಾ ಕ್ರೌನ್, ಅಂದರೆ ಹಲ್ಲಿನ ಮೇಲೆ ಕೂರಿಸುವ ಪಿಂಗಾಣಿಯಂಥ ಗಟ್ಟಿ ಟೋಪಿ. ಸಿಂಟರಿಂಗ್ (ಕುಲುಮೆಯಲ್ಲಿ ಸುಡುವುದು) ಮುಗಿಸಿ, ಪೇಷಂಟ್ ಹಲ್ಲುಗಳ 3ಡಿ ಪ್ರಿಂಟ್ ಮಾಡೆಲ್ ಮೇಲೆ ಇಟ್ಟರೆ ಪೂರ್ತಿ ಕೂರುತ್ತಿರಲಿಲ್ಲ. ಎರಡೂ ಪಕ್ಕದ ಹಲ್ಲಿಗೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತಿತ್ತು. ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು, ಬಣ್ಣ ಹತ್ತಿದ ಕಡೆ ರಬ್ಬರ್ ವೀಲ್‌ನಿಂದ ಒಂಚೂರು ಉಜ್ಜುವುದು, ಮತ್ತೆ ಕೂರಿಸಿ ನೋಡುವುದು. ನಾಲ್ಕನೇ ಸಲಕ್ಕೆ ಟಕ್ ಅಂತ ಕೂತಿತು. ಪಾಲಿಶ್ ಮಾಡಿ ಕಳಿಸಿದೆ. ಬಾಯಲ್ಲಿ ಇಟ್ಟರೆ ಎರಡೂ ಕಡೆ ಸಂದು.

ನಮ್ಮ ಮೊದಲ ಅನುಮಾನ ಹೋಗಿದ್ದು ಪ್ರಿಂಟರ್ ಮೇಲೆ. ಕ್ಯಾಲಿಬ್ರೇಷನ್ ಮಾಡಿದೆವು, ಟೆಸ್ಟ್ ಕ್ಯೂಬ್ ಪ್ರಿಂಟ್ ಮಾಡಿ ಅಳೆದೆವು. ಏನೂ ತಪ್ಪು ಸಿಗಲಿಲ್ಲ. ಕೊನೆಗೆ ಅದೇ ಫೈಲಿನಿಂದ ಇನ್ನೊಂದು ಮಾಡೆಲ್ ಪ್ರಿಂಟ್ ಮಾಡಿ ನಾನೇ ತೊಳೆದೆ. ರೀಮೇಕ್‌ಗೆ ಅದೇ ಡಿಸೈನ್‌ನಿಂದ ಮಿಲ್ ಮಾಡಿದ ಹೊಸ ಕ್ರೌನ್ ಅದರ ಮೇಲೆ ಉಜ್ಜದೆಯೇ ಕೂತಿತು. ಆಮೇಲೆ ಹಳೇ ಮಾಡೆಲನ್ನು ಲೂಪ್ ಹಾಕಿಕೊಂಡು ನೋಡಿದೆ. ಕ್ರೌನ್ ಕೂರುವ ಜಾಗದ ಅಕ್ಕಪಕ್ಕದ ಹಲ್ಲುಗಳ ಮೈಮೇಲೆ, ಸರಿಯಾಗಿ ಕಾಂಟ್ಯಾಕ್ಟ್ ಬರುವಲ್ಲಿ, ಗಾಜಿನಂತೆ ಮಿಂಚುವ ಒಂದು ಪದರ. ತೊಳೆಯುವಾಗ ಬಿಡದೆ ಉಳಿದ ರೆಸಿನ್ ಅದು, ಮಾಡೆಲ್ ಪ್ರಿಂಟ್ ಮಾಡುವ ದ್ರವ. ಹಾಗೇ ಕ್ಯೂರ್ ಆಗಿ (ಬೆಳಕಿಗೆ ಗಟ್ಟಿಯಾಗಿ) ಹಲ್ಲಿನ ಭಾಗವೇ ಆಗಿಬಿಟ್ಟಿತ್ತು. ಕೂದಲೆಳೆಯಷ್ಟೂ ದಪ್ಪ ಇರಲಿಲ್ಲ. ಕಾಂಟ್ಯಾಕ್ಟ್ ಕೆಡಿಸಲು ಅಷ್ಟೇ ಸಾಕು. ಸರಿಯಾಗಿದ್ದ ಕ್ರೌನನ್ನು, ತಪ್ಪಾಗಿದ್ದ ಮಾಡೆಲ್‌ಗೆ ಹೊಂದಿಸಲು ನಾನು ಕೈಯಾರೆ ಹಾಳು ಮಾಡಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ.

ಆ ಮಾಡೆಲನ್ನು ಐಪಿಎಯಲ್ಲಿ (ರೆಸಿನ್ ತೊಳೆಯುವ ಐಸೊಪ್ರೊಪೈಲ್ ಆಲ್ಕೋಹಾಲ್) ತೊಳೆದಿದ್ದು ಹೊಸದಾಗಿ ಸೇರಿದ ಹುಡುಗ. ಅವನನ್ನು ಬೈಯಲು ಬಾಯಿ ತೆರೆದೆ, ಅಷ್ಟರಲ್ಲಿ ನೆನಪಾಯಿತು. ಹಿಂದಿನ ದಿನ ಅವನು "ಅಣ್ಣ, ಐಪಿಎ ತುಂಬಾ ಮಬ್ಬಾಗಿದೆ, ಬದಲಾಯಿಸ್ಲಾ?" ಅಂತ ಕೇಳಿದ್ದ. "ನಾಳೆ ನೋಡೋಣ" ಅಂದವನು ನಾನೇ.

ಪ್ರಿಂಟರ್ ಕೊಳ್ಳುವಾಗ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಲೆಕ್ಕ ಹಾಕಿ ತಿಂಗಳುಗಟ್ಟಲೆ ಚರ್ಚೆ ಮಾಡುತ್ತೇವೆ. ಪ್ರಿಂಟ್ ಹೊರಗೆ ಬಂದ ಮೇಲಿನ ಕೆಲಸವನ್ನು ಮಾತ್ರ ಲ್ಯಾಬಿಗೆ ಹೊಸದಾಗಿ ಬಂದವರ ಕೈಗೆ ಕೊಡುತ್ತೇವೆ. ತೊಳೆಯೋದು ತಾನೇ, ಪಾತ್ರೆ ತೊಳೆದ ಹಾಗೆ ಅಂತ. ನನ್ನ ಪ್ರಕಾರ ನಮ್ಮ ಕಸುಬಿನಲ್ಲಿ ಈಗ ನಡೆಯುತ್ತಿರುವ ದೊಡ್ಡ ತಪ್ಪು ಇದೇ. ಪ್ರಿಂಟರಿನ ಬಿಲ್ಡ್ ಪ್ಲೇಟಿನಿಂದ ಬಿಡಿಸಿದ್ದು ಇನ್ನೂ ಮಾಡೆಲ್ ಆಗಿರುವುದಿಲ್ಲ. ಅದು ಅರೆಬೆಂದ ವಸ್ತು. ಹೊರಗೆ ದ್ರವ ರೆಸಿನ್ ಅಂಟಿರುತ್ತದೆ, ಒಳಗೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅದರ ಕೊನೆಯ ಅಳತೆ ತೀರ್ಮಾನವಾಗುವುದು ತೊಳೆಯುವ ತೊಟ್ಟಿಯಲ್ಲಿ ಮತ್ತು ಕ್ಯೂರ್ ಮಾಡುವ ಲೈಟ್ ಡಬ್ಬಿಯಲ್ಲಿ.

ತೊಳೆಯುವ ವಿಷಯಕ್ಕೆ ಬರೋಣ. ಎರಡು ತೊಟ್ಟಿ ಬೇಕೇ ಬೇಕು. ಮೊದಲನೆಯದರಲ್ಲಿ ಬಳಸಿದ ಐಪಿಎ ಇದ್ದರೂ ನಡೆಯುತ್ತೆ, ಹೆಚ್ಚಿನ ರೆಸಿನ್ ಅಲ್ಲೇ ಬಿಡುತ್ತದೆ. ಎರಡನೆಯದರಲ್ಲಿ ಶುದ್ಧ ಐಪಿಎಯೇ ಇರಬೇಕು. ನಾನು ಬಳಸುವ ಮಾಡೆಲ್ ರೆಸಿನ್‌ಗೆ ಮೊದಲ ತೊಟ್ಟಿಯಲ್ಲಿ 3 ನಿಮಿಷ, ಎರಡನೆಯದರಲ್ಲಿ 2 ನಿಮಿಷ. ನಿಮ್ಮ ಬಾಟಲಿಯ ಜೊತೆ ಬಂದ ಹಾಳೆ ಬೇರೆ ಹೇಳಿದರೆ ಅದನ್ನೇ ನಂಬಿ, ನನ್ನನ್ನಲ್ಲ. ಎರಡು ತೊಟ್ಟಿಗಳ ನಡುವೆ ಮೆತ್ತನೆಯ ಬ್ರಷ್‌ನಿಂದ ಹಲ್ಲುಗಳ ಸಂದು, ಮಾರ್ಜಿನ್ (ಕ್ರೌನಿನ ಅಂಚು ಕೂರುವ ಗೆರೆ) ಸುತ್ತ, ಡೈ (ಮಾಡೆಲ್‌ನಿಂದ ಬಿಡಿಸಿ ತೆಗೆಯಬಹುದಾದ ಒಂಟಿ ಹಲ್ಲು) ಕೂರುವ ಗುಂಡಿಯ ಒಳಗೆ ಒಮ್ಮೆ ಆಡಿಸಿ. ಯಂತ್ರ ಎಷ್ಟೇ ಗಿರಗಿರ ತಿರುಗಿಸಿದರೂ ಕಿರಿದಾದ ಜಾಗಕ್ಕೆ ಹೊಸ ಐಪಿಎ ಸರಿಯಾಗಿ ಹೋಗುವುದಿಲ್ಲ. ಡೈ ಟೈಟ್ ಆಯಿತು ಅಂತ ಫೈಲ್ ತಗೊಂಡು ಉಜ್ಜುವವರನ್ನು ನೋಡಿದ್ದೇನೆ. ಬಹಳ ಸಲ ತೊಂದರೆ ಇರುವುದು ಡೈಯಲ್ಲಲ್ಲ, ಗುಂಡಿಯ ಗೋಡೆಗೆ ಅಂಟಿದ ರೆಸಿನ್‌ನಲ್ಲಿ.

ಐಪಿಎ ಯಾವಾಗ ಬದಲಾಯಿಸಬೇಕು ಅನ್ನೋದನ್ನು ಕಣ್ಣಂದಾಜಿಗೆ ಬಿಡಬೇಡಿ. ಶುದ್ಧ ಐಪಿಎ ನೀರಿಗಿಂತ ಹಗುರ, ಒಂದು ಮಿಲಿ ಲೀಟರ್ ಸುಮಾರು 0.785 ಗ್ರಾಂ ತೂಗುತ್ತದೆ. ರೆಸಿನ್ ನೀರಿಗಿಂತ ಭಾರ. ಕರಗಿದ ರೆಸಿನ್ ಹೆಚ್ಚಾದಷ್ಟೂ ಐಪಿಎ ಭಾರವಾಗುತ್ತಾ ಹೋಗುತ್ತದೆ. ತೊಟ್ಟಿಯೊಳಗೆ ಒಂದು ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ಇಳಿಸಿದರೆ ಇದು ತಿಳಿಯುತ್ತೆ. ನಾನೀಗ ತೊಟ್ಟಿಯ ಮುಚ್ಚಳದ ಮೇಲೆ ಮಾರ್ಕರ್‌ನಿಂದ ತುಂಬಿಸಿದ ತಾರೀಕು ಬರೆದಿಡುತ್ತೇನೆ. "ನಾಳೆ ನೋಡೋಣ" ಅನ್ನಲು ಆಗಬಾರದು, ಅದಕ್ಕೆ.

ಹಾಗಂತ ಜಾಸ್ತಿ ತೊಳೆದರೆ ಜಾಸ್ತಿ ಒಳ್ಳೆಯದು ಅಂತಲೂ ಅಲ್ಲ. ಕ್ಯೂರ್ ಆಗದ ಪ್ರಿಂಟ್ ಐಪಿಎ ಹೀರಿಕೊಳ್ಳುತ್ತದೆ, ಉಬ್ಬುತ್ತದೆ. ಊಟಕ್ಕೆ ಹೋಗುವಾಗ ತೊಟ್ಟಿಯಲ್ಲೇ ಬಿಟ್ಟು ಹೋದ ಮಾಡೆಲ್ ವಾಪಸ್ ಬಂದಾಗ ಮೆತ್ತಗಾಗಿರುತ್ತದೆ. ಒಣಗಿದ ಮೇಲೆ ಸಣ್ಣ ಸಣ್ಣ ಬಿರುಕು. ಮೊದಲು ಕೆಡುವುದು ತೆಳ್ಳಗಿನ ಮಾರ್ಜಿನ್.

ಇನ್ನು ಒಣಗಿಸುವುದು. ಇದನ್ನು ಯಾರೂ ಒಂದು ಹಂತ ಅಂತ ಲೆಕ್ಕಕ್ಕೇ ತಗೊಳ್ಳಲ್ಲ. ಏರ್ ಹೊಡೆದು ನೇರ ಕ್ಯೂರಿಂಗ್‌ಗೆ ತಳ್ಳುತ್ತಾರೆ. ನಾನು ಅರ್ಧ ಗಂಟೆ ಸುಮ್ನೆ ಬಿಡುತ್ತೇನೆ. ಮೈಮೇಲಿನ ಐಪಿಎ ಹೋದರೂ ಒಳಗೆ ಹೀರಿದ್ದು ಹೋಗಲು ಸಮಯ ಬೇಕು. ಈ ಕಾಯುವ ಹೊತ್ತಿನಲ್ಲೇ ನಿಜವಾದ ಪರೀಕ್ಷೆ ಮಾಡಬಹುದು. ಚೆನ್ನಾಗಿ ತೊಳೆದ ಪ್ರಿಂಟ್ ಒಣಗಿದಾಗ ಮಂಕಾಗಿ ಕಾಣುತ್ತದೆ, ಹೊಳಪು ಇರುವುದಿಲ್ಲ. ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿ. ಎಲ್ಲಿ ಮಿಂಚುತ್ತದೋ ಅಲ್ಲಿ ರೆಸಿನ್ ಉಳಿದಿದೆ ಅಂತ ಅರ್ಥ. ಆಗ ಮತ್ತೆ ತೊಳೆಯಬಹುದು. ಕ್ಯೂರ್ ಆದ ಮೇಲೆ ಕಂಡರೆ ಏನು ಪ್ರಯೋಜನ, ಅಲ್ವಾ?

ಕ್ಯೂರಿಂಗ್‌ನಲ್ಲಿ ನನ್ನ ತಕರಾರು ಇಷ್ಟೇ: ಮಾಡೆಲನ್ನು ಹೇಗೆ ಇಡುತ್ತೀರಿ ಅಂತ ನೋಡಿಕೊಳ್ಳಿ. ಫುಲ್ ಆರ್ಚ್ (ಇಡೀ ದವಡೆಯ) ಮಾಡೆಲ್ ಕುದುರೆ ಲಾಳದ ಆಕಾರ. ಕ್ಯೂರ್ ಆಗುವಾಗ ರೆಸಿನ್ ಕುಗ್ಗುತ್ತದೆ. ಹಿಂದಿನ ಎರಡು ತುದಿಗಳನ್ನು ಹಿಡಿದಿಡಲು ಏನೂ ಇಲ್ಲದಿದ್ದರೆ ಅವು ಹತ್ತಿರ ಸರಿಯಬಹುದು, ದೂರವೂ ಹೋಗಬಹುದು. ಡಿಸೈನ್ ಮಾಡುವಾಗಲೇ ಆ ತುದಿಗಳ ನಡುವೆ ಒಂದು ಅಡ್ಡಪಟ್ಟಿ ಕೊಟ್ಟರೆ ಅರ್ಧ ತಲೆನೋವು ಹೋಗುತ್ತದೆ. ಡಬ್ಬಿಯಲ್ಲಿ ಜಾಗ ಇಲ್ಲ ಅಂತ ಒಂದರ ಮೇಲೊಂದು ಒರಗಿಸಿ ಇಟ್ಟರೆ ನೆರಳು ಬಿದ್ದ ಕಡೆ ಅರೆಬೆಂದೇ ಉಳಿಯುತ್ತದೆ. ಬಿಸಿ ಮಾಡಿ ಕ್ಯೂರ್ ಮಾಡುವ ರೆಸಿನ್ ಆದರಂತೂ, ಕೆಲವಕ್ಕೆ 60 ಡಿಗ್ರಿ ಬೇಕು, ಒರಗಿಸಿಟ್ಟ ವಸ್ತು ಬಾಗಿಯೇ ಗಟ್ಟಿಯಾಗಿಬಿಡಬಹುದು. ಸರ್ಜಿಕಲ್ ಗೈಡ್‌ಗೆ (ಇಂಪ್ಲಾಂಟ್‌ಗಾಗಿ ಕೊರೆಯುವಾಗ ದಾರಿ ತೋರಿಸುವ ಅಚ್ಚು) ನಾನು ಸಪೋರ್ಟ್ (ಪ್ರಿಂಟ್ ಆಗುವಾಗ ಆಧಾರಕ್ಕೆ ಬರುವ ಕಡ್ಡಿಗಳು) ಉಳಿಸಿಕೊಂಡೇ ಕ್ಯೂರ್ ಮಾಡುತ್ತೇನೆ. ಆಮೇಲೆ ಕತ್ತರಿಸುವುದು ಕಷ್ಟ, ಪುಡಿ ಹಾರುತ್ತದೆ, ಒಪ್ಪುತ್ತೇನೆ. ಆದರೆ ಇಂಪ್ಲಾಂಟ್ ಮತ್ತು ಕೆಳದವಡೆಯ ನರದ ನಡುವೆ 2 ಮಿಲಿಮೀಟರ್ ಸುರಕ್ಷಿತ ಅಂತರ ಇಟ್ಟುಕೊಂಡು ಪ್ಲಾನ್ ಮಾಡಿರುತ್ತಾರೆ. ಆ ಅಂತರವನ್ನು ನನ್ನ ಸೋಮಾರಿತನಕ್ಕೆ ಬಳಸಿಕೊಳ್ಳಲು ನನಗೆ ಮನಸ್ಸಿಲ್ಲ.

ಬಾಯೊಳಗೆ ಹೋಗುವ ಸ್ಪ್ಲಿಂಟ್ (ಹಲ್ಲಿನ ಮೇಲೆ ಹಾಕುವ ಕವಚ), ಗೈಡ್‌ಗಳಿಗೆ ಕಂಪನಿ ಹೇಳಿದ ಸಮಯ, ತಾಪ, ಲೈಟ್ ಮೂರನ್ನೂ ಹಾಗೇ ಪಾಲಿಸಿ. ಅರ್ಜೆಂಟ್ ಕೇಸ್ ಅಂತ ಹತ್ತು ನಿಮಿಷ ಕಡಿಮೆ ಮಾಡಿದರೆ ಪೇಷಂಟ್ ಬಾಯಿಗೆ ಹೋಗುವುದು ಬೇಯದ ಮೊನೊಮರ್, ಅಂದರೆ ಗಟ್ಟಿಯಾಗದೆ ಉಳಿದ ರೆಸಿನ್. ನಿಮ್ಮ ಕೈಗೂ ಅದೇ ಮಾತು. ನೈಟ್ರೈಲ್ ಗ್ಲೌಸ್ ಇಲ್ಲದೆ ಹಸಿ ಪ್ರಿಂಟ್ ಮುಟ್ಟಬೇಡಿ. ರೆಸಿನ್‌ನಲ್ಲಿರುವ ಅಕ್ರಿಲೇಟ್‌ಗೆ ಅಲರ್ಜಿ ಒಮ್ಮೆ ಬಂದರೆ ಸಾಮಾನ್ಯವಾಗಿ ಬಿಡುವುದಿಲ್ಲ.

ಇದೆಲ್ಲ ಅತಿಯಾಯ್ತು, 120 ಮೈಕ್ರಾನ್ ತನಕ ನಡೆಯುತ್ತಲ್ಲ ಅಂತ ಗೆಳೆಯರೊಬ್ಬರು ವಾದ ಮಾಡಿದರು. ಆ ಸಂಖ್ಯೆ ಬಂದಿದ್ದು 1971ರಲ್ಲಿ. ಮೆಕ್ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ ಐದು ವರ್ಷಗಳ ಅವಧಿಯಲ್ಲಿ ಸಾವಿರಕ್ಕೂ ಹೆಚ್ಚು ರೆಸ್ಟೋರೇಷನ್ (ಕ್ರೌನ್‌ನಂಥವು) ನೋಡಿ ಹೇಳಿದ್ದು. ಆದರೆ ಅದು ಬಾಯಲ್ಲಿ ಕೂತ ಮೇಲೆ ಮಾರ್ಜಿನ್‌ನಲ್ಲಿ ಉಳಿಯುವ ಸಂದಿನ ಮಾತು. ಸ್ಕ್ಯಾನ್, ಡಿಸೈನ್, ಮಿಲ್ಲಿಂಗ್, ಸಿಮೆಂಟ್ ಎಲ್ಲವೂ ಅದರಲ್ಲೇ ಪಾಲು ಕೇಳುತ್ತವೆ. ತೊಳೆಯುವ ತೊಟ್ಟಿಗೆ ಬೇರೆ ರಿಯಾಯಿತಿ ಕೊಟ್ಟಿಲ್ಲ. ಮತ್ತೆ ಕಾಂಟ್ಯಾಕ್ಟ್‌ಗೆ ಆ ಲೆಕ್ಕ ಅನ್ವಯಿಸುವುದೇ ಇಲ್ಲ. ಅಲ್ಲಿ ಸಂದು ಇದ್ದರೆ ಊಟ ಸಿಕ್ಕಿಕೊಳ್ಳುತ್ತೆ, ಮುಗೀತು.

ನಂಬಿಕೆ ಬರದಿದ್ದರೆ ಒಂದು ವಾರ ಹೀಗೆ ಮಾಡಿ ನೋಡಿ. ಮಾಡೆಲ್ ಬೇಸಿನ ಹಿಂದಿನ ಎರಡು ತುದಿಗಳಲ್ಲಿ ಒಂದೊಂದು ಸಣ್ಣ ಕಂಬ ಸೇರಿಸಿ, ಫೈಲಿನಲ್ಲಿ ಅವುಗಳ ನಡುವೆ ಸರಿಯಾಗಿ 40 ಮಿಲಿಮೀಟರ್ ಇಡಿ. ತೊಳೆದು ಒಣಗಿದ ಮೇಲೆ ಒಮ್ಮೆ, ಕ್ಯೂರ್ ಆದ ಮೇಲೆ ಒಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಡಿಜಿಟಲ್ ವರ್ನಿಯರ್‌ನಲ್ಲಿ ಅಳೆದು ಬರೆದಿಡಿ. ಯಾವ ಹಂತದಲ್ಲಿ ಅಳತೆ ಕದಲುತ್ತಿದೆ ಅಂತ ಪುಸ್ತಕವೇ ಹೇಳುತ್ತೆ. ಪ್ರಿಂಟರ್ ಸರ್ವಿಸ್‌ನವರನ್ನು ಕರೆಯುವುದು ಆಮೇಲೆ.

ಈಗಲೂ ನಮ್ಮಲ್ಲಿ ತೊಳೆಯುವುದು ಆ ಹುಡುಗನೇ. ಆದರೆ ಕ್ರೌನ್ ಕೂರಿಸಿ ನೋಡುವುದನ್ನೂ ಅವನಿಗೆ ಕಲಿಸಿದ್ದೇನೆ. ತೊಳೆದವನಿಗೇ ಫಿಟ್ ಗೊತ್ತಾಗಬೇಕು. ಮೊನ್ನೆ ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದ. ಮಾಡೆಲ್ ಒಂದೇ ಬಾಕಿ, ಬೇಗ ಕ್ಯೂರ್‌ಗೆ ಹಾಕು ಅಂತ ಅವಸರ ಮಾಡಿದೆ. ಅವನು ದೀಪದ ಕೆಳಗೆ ಹಿಡಿದು ತಿರುಗಿಸುತ್ತಲೇ ಇದ್ದ.

"ಅಣ್ಣ, ಈ ಪ್ರೀಮೋಲಾರ್ ಪಕ್ಕ ಇನ್ನೂ ಮಿಂಚ್ತಿದೆ ನೋಡಿ" ಅಂದ. ನನ್ನ ಉತ್ತರಕ್ಕೂ ಕಾಯದೆ ಬ್ರಷ್ ತಗೊಂಡು ಎರಡನೇ ತೊಟ್ಟಿಯ ಮುಚ್ಚಳ ತೆಗೆದ. ಕೊರಿಯರ್‌ನವನಿಗೆ ಸಂಜೆ ಬಾ ಅಂದೆ.